ಕರಿಕೊಡೆಯ ಕೆಳಗೊಂದು ಹೂವಿನ ಕುಂಡ

ಬಹಳ ಬಹಳ ಹಿಂದೆ, ಕಾಗೆಗೆ ಇನ್ನೂ ಕಪ್ಪು ಬಳಿದಿರದ ಕಾಲದಲ್ಲಿ, ಹೊಂಬೆಳಗೂರೆಂಬ ರಾಜ್ಯದ ಮೇಲೆ ಕಮಟಾಸುರನೆಂಬ ಮಾಯಾವಿ ಕರಿಕೊಡೆ ಬಿಚ್ಚಿದ. ಅದರ ಒಂದು ಕಡ್ಡಿ ಮೂಡಣ ಬೆಟ್ಟಕ್ಕೆ ತಾಗಿದರೆ ಇನ್ನೊಂದು ಪಡುವಣ ಕಡಲಿಗೆ ತಾಗುತ್ತಿತ್ತು. ಬಿಸಿಲು ನಿಂತಿತು. ಪೈರು ಬಿಳಿಚಿತು. ಊರಲ್ಲಿ ಒಂದು ಹಪ್ಪಳವೂ ಒಣಗಲಿಲ್ಲ.

ಅರಸ ಕೈಮುಗಿದರೆ ಮಾಯಾವಿ ಕಿಸಕ್ಕನೆ ನಕ್ಕ. "ಈ ನೆರಳಲ್ಲೇ ಬೀಜದಿಂದ ಗಿಡ ಎಬ್ಬಿಸಿ ಹೂ ಬಿಡಿಸಿ. ಮರುವರ್ಷ ಬಿತ್ತದೆಯೇ ಅದೇ ಗಿಡ ಮತ್ತೆ ಹೂ ಬಿಡಲಿ. ಆಗ ಕೊಡೆ ಮಡಿಸುತ್ತೇನೆ. ಸೋತವರು ನನ್ನ ಕೊಡೆಕಡ್ಡಿಗೆ ಬಾವಲಿ!"

ನೂರು ಜನ ಚೆಂಡುಹೂ ಬಿತ್ತಿದರು, ನೂರು ಜನ ಬಾವಲಿಯಾದರು. ಕುಂಬಾರರ ಸೂಜವ್ವನ ಅಣ್ಣ ಮಲ್ಲೇಶಿಯೂ ಬಿತ್ತಿದ. ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಬೆಳಗ್ಗೆ ಅಗೆದು ನೋಡಿದ. ನೋಡಿ ನೋಡಿಯೇ ಕೊಂದ. ಈಗ ಅವಳ ಮನೆಯ ನೆತ್ತಿಯ ಕೊಡೆಕಡ್ಡಿಗೇ ಬಾವಲಿಯಾಗಿ ತಲೆಕೆಳಗೆ ನೇತಾಡುತ್ತಿದ್ದ.

ಅಣ್ಣನನ್ನು ಇಳಿಸಲೇಬೇಕೆಂದು ಸೂಜವ್ವ ಹೊರಟಳು. "ನೆರಳಲ್ಲೇ ಹುಟ್ಟಿದ್ದಕ್ಕೆ ನೆರಳು ಹೆದರಿಕೆಯಾ?" ಎನ್ನುತ್ತ ಬಿಸಿಲೇ ಕಾಣದ ಕೊರಕಲಿಗೆ ಇಳಿದಳು. ಬಂಡೆಯ ಬುಡದ ನೀಲಿ ಹೂಗಿಡದಿಂದ ಬೀಜ ತಂದಳು. ಸೀನಿದರೆ ಹಾರಿಹೋಗುವಷ್ಟು ಸಣ್ಣ ಬೀಜ.

"ಆಳಕ್ಕೆ ಹೂಳೇ ತಂಗೀ!" ಮೇಲಿಂದ ಮಲ್ಲೇಶಿ ಕೂಗಿದ.

"ನೀನು ಸುಮ್ನೆ ನೇತಾಡು!" ಎಂದು ಸೂಜವ್ವ ಕುಂಡದ ಹಸಿಮಣ್ಣಿನ ಮೇಲೆ ಬೀಜ ಉದುರಿಸಿ, ಮಣ್ಣು ಮುಚ್ಚದೆ, ಅಂಗೈಯಿಂದ ಮೆಲ್ಲಗೆ ಒತ್ತಿದಳು.

ಮಾಯಾವಿ ಮೊದಲು ಮೋಡದ ಆನೆ ಕಳಿಸಿದ. ಬೀಜವೆಲ್ಲ ಕೊಚ್ಚಿಹೋಗಲೆಂದು ಅದು ಸೊಂಡಿಲಿಂದ ನೀರು ಸುರಿಯಿತು. ಸೂಜವ್ವ ಕುಂಡದ ಮೇಲೆ ಬಾನಿ ಬೋರಲು ಹಾಕಿದಳು. ಆನೆ ಹೋದ ಮೇಲೆ ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟಳು. ಮಣ್ಣು ಬುಡದಿಂದಲೇ ಬೇಕಾದಷ್ಟು ಕುಡಿಯಿತು. ನಲವತ್ತು ದಿನಕ್ಕೆ ಹಸಿರು ಚುಕ್ಕಿ ಮೂಡಿತು.

ಮಾಯಾವಿ ಎರಡನೆಯದಾಗಿ ಗುಡಿಸಲಷ್ಟು ದೊಡ್ಡ ಬಸವನಹುಳ ಕಳಿಸಿದ. ಸೂಜವ್ವ ಮಡಕೆ ಸುಡುವ ಆವಿಗೆಯ ಬೂದಿ ತಂದು ಕುಂಡದ ಸುತ್ತ ಗೆರೆ ಎಳೆದಳು. ಹುಳದ ಹೊಟ್ಟೆ ನವೆಯೆದ್ದು ನವೆಯೆದ್ದು, "ಅಯ್ಯೋ ಅವ್ವಾ!" ಎಂದು ಮನೆ ಹೊತ್ತುಕೊಂಡೇ ಓಡಿತು. ಬಸವನಹುಳ ಓಡಿದ್ದು ಅದೊಂದೇ ಸಲ.

ಗಿಡ ನೀಲಿ ಹೂ ಬಿಟ್ಟಿತು. ಊರು ಕುಣಿಯಿತು.

ಮೂರನೆಯದಾಗಿ ಮಾಯಾವಿ ಕೊರೆಯುವ ಚಳಿ ಊದಿದ. ಎಲೆ ಕಪ್ಪಾಯಿತು, ಕಾಂಡ ಬಾಗಿತು, ಕುಂಡ ಬೋಳಾಯಿತು. ಕಮಟಾಸುರ ಮೀಸೆ ತಿರುವುತ್ತ ಬಂದ.

"ಸತ್ತಿದೆ! ಹತ್ತು ಕಡ್ಡಿ, ನಿನಗೆ ಬೇಕಾದ್ದು ಆರಿಸಿಕೋ."

"ಕಿತ್ತು ನೋಡೇ ತಂಗೀ, ಬೇರು ಇದೆಯೋ ಇಲ್ವೋ!" ಮಲ್ಲೇಶಿ ಗೋಳಾಡಿದ.

ಸೂಜವ್ವನ ಬೆರಳು ಮಣ್ಣಿನ ತನಕ ಹೋಯಿತು. ಆದರೆ ಕೊರಕಲಿನಲ್ಲಿ ಚಳಿಗಾಲಕ್ಕೆ ಬರೀ ಬಂಡೆ ಕಂಡ ಜಾಗದಲ್ಲೇ ವರ್ಷವರ್ಷ ಹೂ ಏಳುವುದನ್ನು ಅವಳು ನೋಡಿದ್ದಳು. ಕೈ ಹಿಂದೆ ತೆಗೆದಳು.

"ಮಲಗಿರೋರನ್ನ ಸತ್ತರು ಅಂತ ಸುಡ್ತೀಯೇನಯ್ಯಾ? ವರ್ಷ ತುಂಬಲಿ, ಆಮೇಲೆ ಮಾತಾಡು."

ಮಾಯಾವಿ ಕುಂಡದ ಪಕ್ಕವೇ ಕೂತ. ಆಡಿದ ಮಾತು ಅವನಿಗೂ ಕಟ್ಟು. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಮೂರನೇ ತಿಂಗಳ ಬೆಳಗ್ಗೆ ಬೋಳು ಮಣ್ಣು ಸೀಳಿತು. ಒಂದಲ್ಲ, ಏಳು ಮೊಳಕೆ! ವರ್ಷ ತುಂಬುವ ದಿನ ಏಳು ಕಾಂಡದ ತುದಿಯಲ್ಲೂ ನೀಲಿ ಹೂ.

ಢಪ್ಪೆಂದು ಕೊಡೆ ಮಡಿಸಿಕೊಂಡಿತು. ಕಮಟಾಸುರ ಅದರ ಮಡಿಕೆಯಲ್ಲೇ ಸಿಕ್ಕಿ ಕಡಲಿಗೆ ಬಿದ್ದ. ಬಾವಲಿಗಳೆಲ್ಲ ಮನುಷ್ಯರಾಗಿ ಧೊಪಧೊಪನೆ ಉದುರಿದರು. ಮಲ್ಲೇಶಿ ಸೀದಾ, ಹೂ ನೋಡಲು ಬಂದಿದ್ದ ಮಂತ್ರಿಯ ಹೊಟ್ಟೆಯ ಮೇಲೆ ಬಿದ್ದ, ಇಬ್ಬರಿಗೂ ಪೆಟ್ಟಾಗಲಿಲ್ಲ.

ಬಿಸಿಲು ಬಂದ ಸಂಭ್ರಮಕ್ಕೆ ಅರಸ ಅಂಗಳದ ನಡುವೆ ಸಿಂಹಾಸನ ಹಾಕಿಸಿದ. "ಸೂಜವ್ವಾ, ಆ ಕುಂಡವನ್ನು ಇಲ್ಲಿ ನನ್ನ ಪಕ್ಕ ಇಡು."

"ಬಿಸಿಲಿಗೆ ಬಾಡುತ್ತೆ ಪ್ರಭು," ಎಂದಳು ಸೂಜವ್ವ. "ನಿಮ್ಮ ಛತ್ರಿಯವನನ್ನು ಸ್ವಲ್ಪ ಈಚೆಗೆ ಕಳಿಸಿ."

ಅರಸನ ಬೆಳ್ಗೊಡೆ ಕುಂಡದ ಮೇಲೆ ನಿಂತಿತು. ಅರಸ ಬೋಳುತಲೆಗೆ ಎಳೆಬಿಸಿಲು ಕಾಯಿಸಿಕೊಳ್ಳುತ್ತ ಕೂತ. ಅಂದಿನಿಂದ ಆ ರಾಜ್ಯದಲ್ಲಿ ಪೈರಿಗೆ ಬಿಸಿಲು, ನೀಲಿಹೂವಿಗೆ ನೆರಳು, ಎಲ್ಲರ ಹೊಟ್ಟೆಗೂ ಗರಿಗರಿ ಹಪ್ಪಳ.