ತೋಳ ಕಚ್ಚಿದ ಡೆಸ್ಕು

"ಈ ಗುರುತು ನೋಡಿ," ಮಾರ್ನಿ ದನಿ ತಗ್ಗಿಸಿದಳು. "ತೋಳದ ಹಲ್ಲು."

ಬಸ್ಸಿನಲ್ಲಿ ಬಂದಿದ್ದ ಅಜ್ಜ ಅಜ್ಜಿಯರೆಲ್ಲ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಡೆಸ್ಕಿನ ಅಂಚಿನಲ್ಲಿ ನಿಜವಾಗಿಯೂ ಹಲ್ಲಿನ ಗುರುತುಗಳಿದ್ದವು.

"ಆ ವರ್ಷ ಭಾರಿ ಹಿಮ. ಹಸಿದ ತೋಳ ಕಿಟಕಿಯಿಂದ ಒಳಗೆ ಹಾರಿತು. ಮೇಡಂ ಒಲೆಯ ಸೌದೆ ಎತ್ತಿ ಬೀಸಿದ್ರು. ಅದಕ್ಕೆ ಸಿಟ್ಟು ಬಂದು ಡೆಸ್ಕನ್ನೇ ಕಚ್ಚಿಬಿಡ್ತು."

ತೋಳ ಬಂದಿದ್ದು ಶಾಲೆಗಲ್ಲ, ಮಾರ್ನಿಯ ತಲೆಗೆ. ಅಮೆರಿಕದ ಅಯೋವಾದಲ್ಲಿ ಮೆಕ್ಕೆಜೋಳದ ಹೊಲಗಳ ನಡುವಿನ ಆ ಒಂದೇ ಕೋಣೆಯ ಹಳೇ ಶಾಲೆ ಈಗ ಮ್ಯೂಸಿಯಂ. ಬೇಸಿಗೆ ರಜೆಯಲ್ಲಿ ಮಾರ್ನಿ ಅಲ್ಲಿ ಗೈಡ್. ಮೊದಮೊದಲು ಅವಳು ಇದು ಒಲೆ, ಇದು ಸ್ಲೇಟು ಎಂದು ಇದ್ದದ್ದನ್ನೇ ಹೇಳುತ್ತಿದ್ದಳು. ಬಂದವರು ಆಕಳಿಸಿ, ಪಕ್ಕದ ಊರಿನ ಸಿಮೆಂಟಿನ ಮೆಕ್ಕೆಜೋಳದ ತೆನೆ ನೋಡಲು ಹೊರಟುಬಿಡುತ್ತಿದ್ದರು. ಮನೆಗಿಂತ ಎತ್ತರದ ತೆನೆಯ ಮುಂದೆ ಸ್ಲೇಟು ಯಾವ ಲೆಕ್ಕ? ತೋಳ ಬಂದ ದಿನದಿಂದ ಯಾರೂ ಆಕಳಿಸಿರಲಿಲ್ಲ.

ಮ್ಯೂಸಿಯಂ ನೋಡಿಕೊಳ್ಳುವ ಅಜ್ಜಿಗೆ ಮಾತ್ರ ಈ ತೋಳದ ಸುಳಿವೇ ಇಲ್ಲ. ಅಜ್ಜಿ ಹೊರಗೆ ಟೆಂಟಿನಲ್ಲಿ ಸೇಬಿನ ಪೈ ಹಂಚುತ್ತಿರುತ್ತಾಳೆ. ಅವಳು ಮೊದಲ ದಿನವೇ ಹೇಳಿದ್ದಳು: "ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಕತೆ ಕಟ್ಟಿದ್ಯೋ, ಪಾತ್ರೆ ತೊಳೆಯೋಕೆ ಹಾಕ್ತೀನಿ." ಹಾಗೇನಾದರೂ ಆದರೆ ಗೈಡ್ ತೊಡುವ ಹಳೇ ಕಾಲದ ಕುಲಾವಿ ಇಲ್ಲ, ಶಾಲೆಯ ಗಂಟೆ ಹೊಡೆಯುವ ಗತ್ತೂ ಇಲ್ಲ.

ಇದ್ದಕ್ಕಿದ್ದಂತೆ ಬಸ್ಸಿನವರಲ್ಲಿ ಮಿಲ್ಡ್ರೆಡ್ ಎಂಬ ದಪ್ಪ ಅಜ್ಜಿ ಕಿಸಕ್ಕೆಂದು ನಕ್ಕಳು.

"ಏನಪ್ಪಾ ಆರ್ಲೋ, ಇಲ್ಲಿ ಓದ್ತಿದ್ದಾಗ ಆ ಡೆಸ್ಕು ಕಚ್ಚಿದ್ದು ನೀನು ಅಂತ ದಾರಿಯುದ್ದಕ್ಕೂ ಕೊಚ್ಚಿಕೊಂಡ್ಯಲ್ಲ?"

"ಹೋದ ತಿಂಗಳು ಇವನು ಹಿಡಿದ ಮೀನೂ ದೋಣಿಗಿಂತ ಉದ್ದ ಇತ್ತು," ಎಂದರು ಇನ್ನೊಬ್ಬರು.

"ಹಲ್ಲು ಇಟ್ಟು ಅಳತೆ ನೋಡೋಣ್ವಾ?"

"ಯಾವ ಹಲ್ಲು? ಇವನ ಹಲ್ಲು ರಾತ್ರಿ ಲೋಟದಲ್ಲಿ ಮಲಗುತ್ತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೋಲು ಹಿಡಿದು ನಿಂತಿದ್ದ ತೆಳ್ಳನೆಯ ಆರ್ಲೋ ತಾತನ ಕಿವಿ ಕೆಂಪಾಯಿತು. ಅವರು ಮಾರ್ನಿಯನ್ನು ನೋಡಿದರು. ಮಾರ್ನಿ ಒಲೆಯನ್ನು ನೋಡಿದಳು.

ಆ ಸೀಮೆಯಲ್ಲಿ ಎದುರಿಗಿದ್ದವರನ್ನು ಸುಳ್ಳ ಎನ್ನುವುದು ದೊಡ್ಡ ಒರಟುತನ. ಎದುರಿಗಿರುವುದು ಚಿಕ್ಕ ಹುಡುಗಿಯಾದರೂ ಅಷ್ಟೇ.

"ಹಾಗೂ ಇರಬಹುದು," ಎಂದರು ತಾತ. "ಹಳೇ ಮಾತು. ನನಗೇ ಮರೆತಿರಬಹುದು." ಟೋಪಿ ಹಾಕಿಕೊಂಡು ಹೊರಗೆ ಹೋದರು.

ತಾತ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಮಾರ್ನಿಗೆ. ತಿರುಗಿ ಸಿಟ್ಟಾದರೂ ಮಾಡಬಹುದಿತ್ತು.

ಟೆಂಟಿನಲ್ಲಿ ಎಲ್ಲರ ಬಾಯಲ್ಲೂ ಪೈ ಮತ್ತು ತೋಳ. ಆರ್ಲೋ ತಾತ ಮಾತ್ರ ಮೇಜಿನ ತುದಿಯಲ್ಲಿ ಪೈ ಮುಟ್ಟದೆ ಕುಳಿತಿದ್ದರು. ಸುಮ್ಮನಿದ್ದರೆ ಆಯಿತು, ಇನ್ನೇನು ಬಸ್ಸು ಹೊರಡುತ್ತದೆ ಎಂದುಕೊಂಡಳು ಮಾರ್ನಿ. ಆದರೆ ಅದೇ ಬಸ್ಸಿನಲ್ಲಿ, ಅದೇ ಜನರ ಜೊತೆ, ತಾತ ಊರು ಮುಟ್ಟಬೇಕಲ್ಲ?

"ತೋಳ ಬಂದಿರ್ಲಿಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ.

"ತೋಳ ಬಂದೇ ಇರ್ಲಿಲ್ಲ!"

ಚಮಚಗಳು ನಿಂತವು.

"ನಾನೇ ಕಟ್ಟಿದ್ದು. ಯಾರು ಕಚ್ಚಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ. ತಾತ ಹೇಳಿದ್ದೇ ನಿಜ ಇರ್ಬೇಕು."

ಪೈ ಕೊಯ್ಯುತ್ತಿದ್ದ ಮ್ಯೂಸಿಯಂ ಅಜ್ಜಿಯ ಚಾಕು ಅರ್ಧಕ್ಕೇ ನಿಂತಿತು. "ಯಾವ ತೋಳ?"

ಮಿಲ್ಡ್ರೆಡ್ ಅಜ್ಜಿ ಆರ್ಲೋ ತಾತನ ಕಡೆ ಕುರ್ಚಿ ತಿರುಗಿಸಿದಳು. "ಹಾಗಾದ್ರೆ ನಿಜವಾಗ್ಲೂ ನೀನೇನಾ? ಡೆಸ್ಕು ಯಾಕೋ ಕಚ್ಚಿದೆ, ಬುತ್ತಿ ಮರೆತು ಬಂದಿದ್ಯಾ?"

"ಏಳರ ಮಗ್ಗಿ," ಎಂದರು ತಾತ. "ಎಲ್ಲರ ಮುಂದೆ ನಿಲ್ಲಿಸಿದ್ರು. ಏಳೆಂಟ್ಲ ಬರಲೇ ಇಲ್ಲ. ವಾಪಸ್ ಬಂದು ಕೂತರೆ ಹಿಂದಿನ ಡೆಸ್ಕಲ್ಲಿ ನಮ್ಮಣ್ಣ. ಅತ್ತರೆ ವರ್ಷವಿಡೀ ಆಡ್ಕೋತಿದ್ದ. ಅಳು ಹೊರಗೆ ಬರದೆ ಇರ್ಲಿ ಅಂತ ಕಚ್ಚಿ ಹಿಡಿದೆ."



"ಈಗ ಬರುತ್ತಾ, ಏಳೆಂಟ್ಲ?" ಮಿಲ್ಡ್ರೆಡ್ ಮೆಲ್ಲಗೆ ಕೇಳಿದಳು.

ತಾತ ಯೋಚಿಸಿದರು. "ಇಲ್ಲ."

ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವರೇ. ಆಮೇಲೆ ಪೈ ಹತ್ತಿರಕ್ಕೆ ಎಳೆದುಕೊಂಡರು.

ಮ್ಯೂಸಿಯಂ ಅಜ್ಜಿ ಮಾರ್ನಿಯ ಕುಲಾವಿ ಬಿಚ್ಚಿದಳು. ಏಪ್ರನ್ ಕೊಟ್ಟು, ಟೆಂಟಿನ ಹಿಂದೆ ರಾಶಿ ಬಿದ್ದಿದ್ದ ತಟ್ಟೆಗಳ ಕಡೆ ಬೆರಳು ತೋರಿಸಿದಳು. ಅಷ್ಟರಲ್ಲಿ ಒಂದು ವ್ಯಾನು ಬಂದು ನಿಂತಿತು. ಅದರ ತುಂಬ ಮಕ್ಕಳು.

"ಆರ್ಲೋ ಅವರೇ, ನಮ್ಮ ಗೈಡಿಗೆ ಬೇರೆ ಕೆಲಸ ಬಿದ್ದಿದೆ," ಎಂದಳು ಅಜ್ಜಿ. "ಬಸ್ಸಿನವರು ಕಾಯೋದಾದ್ರೆ, ನೀವೇ ತೋರಿಸ್ತೀರಾ?"

"ಕಾಯ್ತೀವಿ," ಎಂದಳು ಮಿಲ್ಡ್ರೆಡ್, ಇನ್ನೊಂದು ಪೈಗೆ ಕೈಚಾಚುತ್ತ.

ಮಾರ್ನಿ ಟಬ್ಬಿನ ಮುಂದೆ ಕುಳಿತಳು. ಶಾಲೆಯ ಗಂಟೆ ಮೊಳಗಿತು. ತಾತನ ದನಿ ಕಿಟಕಿಯಿಂದ ಹೊರಗೆ ಬಂತು. ಅವರು ಒಲೆ ತೋರಿಸಿದರು, ಸ್ಲೇಟು ತೋರಿಸಿದರು, ಡೆಸ್ಕಿನ ಹತ್ತಿರ ಬಂದರು. ಈಗ ಆಕಳಿಸುತ್ತಾರೆ ಎಂದು ಅವಳು ಕಾದಳು. ಒಳಗೆ ಪಿಟ್ಟೆಂಬ ಸದ್ದಿಲ್ಲ.

ಆಮೇಲೆ ಒಂದು ಪುಟ್ಟ ದನಿ: "ತಾತಾ, ನಂಗೂ ಏಳರದು ಬರಲ್ಲ."

ತಾನು ಆಗಿನಿಂದ ಕೆಳತುಟಿಯನ್ನು ಬಲವಾಗಿ ಕಚ್ಚಿ ಹಿಡಿದಿದ್ದೇನೆ ಎಂಬುದು ಮಾರ್ನಿಗೆ ಆಗ ತಿಳಿಯಿತು. ಮೆಲ್ಲಗೆ ಬಿಟ್ಟಳು. ಎರಡು ಹನಿ ಸೋಪಿನ ನೊರೆಯೊಳಗೆ ಬಿದ್ದವು. ಒದ್ದೆ ಕೈಯಲ್ಲೇ ಮೂಗು ಒರೆಸಿಕೊಂಡು ಅವಳು ಮುಂದಿನ ತಟ್ಟೆ ಎತ್ತಿಕೊಂಡಳು.