ಸೀಗೆಹಳ್ಳದ ನೀರು

ಜನವರಿ ಒಂಬತ್ತರ ಬೆಳಿಗ್ಗೆ ಹತ್ತೂವರೆಗೆ ಬಾಳೂರು ಠಾಣೆಗೆ ಒಂದು ದೂರು ಬಂತು. ತಂದವನು ಓಂಕಾರಮೂರ್ತಿಯವರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪರಮೇಶ್ವರಪ್ಪ. ಕೂಲಿಯಾಳುಗಳ ಲೈನ್‌ಮನೆಯ ಭಾಗಮ್ಮ ಬೇಲಿ ದಾಟಿ ಎಸ್ಟೇಟಿನ ಕೆರೆಗೆ ನುಗ್ಗಿದ್ದಾಳೆ, ಅಲ್ಲಿ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುತ್ತಿದ್ದಾರೆಂದು ಸುಳ್ಳು ಹಬ್ಬಿಸಿದ್ದಾಳೆ ಎಂಬುದು ಅದರ ಸಾರಾಂಶ.

"ಸುಳ್ಳು ಅಂತ ಹೇಗೆ ಹೇಳ್ತೀರಿ?" ಸಬ್‌ಇನ್‌ಸ್ಪೆಕ್ಟರ್ ಅರುಣಾ ಕೇಳಿದಳು.

"ಆ ಮೀನು ಇಲ್ಲ ಅಂತ ಲ್ಯಾಬ್ ರಿಪೋರ್ಟೇ ಉಂಟಲ್ಲ ಮೇಡಂ. ಕೆರೆ ನೀರು ಇಳಿಯೋ ಹಳ್ಳದ ನೀರನ್ನ ಪಂಚಮಿ ಮೇಡಮ್ಮೇ ಕಳ್ಸಿದ್ದು. ಇನ್ನೆಂಥ ಸಾಕ್ಷಿ ಬೇಕು? ಈ ತಿಂಗಳೊಳಗೆ ಅವಳು ಮನೆ ಖಾಲಿ ಮಾಡ್ಬೇಕು ಅಂತ ಧಣಿಗಳು ಹೇಳಿಯಾಗಿದೆ."

ಪಂಚಮಿಯ ಹೆಸರು ಕೇಳಿದ್ದೇ ಅರುಣಾಗೆ ಪ್ರಕರಣ ಮುಗಿದಂತೆ ಅನ್ನಿಸಿತು. ಮೂಡಿಗೆರೆಯಲ್ಲಿ ಜೀವಶಾಸ್ತ್ರ ಕಲಿಸುವ ಪಂಚಮಿ, ಹೊರಗಿನಿಂದ ಬಂದು ನಮ್ಮ ನೀರನ್ನು ಕೆಡಿಸುವ ಮೀನುಗಳ ವಿರುದ್ಧ 'ಹಳ್ಳ ಕಾವಲು' ಕಟ್ಟಿದವಳು. ನೀರಿನಲ್ಲಿ ಓಡಾಡುವ ಪ್ರತಿ ಜೀವಿಯೂ ತನ್ನ ಮೈಯ ಕಣಗಳನ್ನು ಅಲ್ಲೇ ಬಿಟ್ಟಿರುತ್ತದೆ. ಆ ನೀರನ್ನು ಸೋಸಿ ಡಿಎನ್‌ಎ ಪರೀಕ್ಷೆ ಮಾಡಿದರೆ ಕಣ್ಣಿಗೆ ಬೀಳದ ಮೀನೂ ಸಿಕ್ಕಿಬೀಳುತ್ತದೆ ಎಂದು ಅರುಣಾಗೆ ತಿಳಿಸಿಕೊಟ್ಟವಳೂ ಅವಳೇ. ಎಷ್ಟೋ ಭಾನುವಾರ ಅವಳ ಹಿತ್ತಲಿನ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಕಾಫಿ ಕುಡಿದಿದ್ದರು.

ಆದರೂ ಸ್ಥಳ ನೋಡದೆ ಕಡತ ಮುಚ್ಚುವಂತಿರಲಿಲ್ಲ. ಕಾನ್‌ಸ್ಟೇಬಲ್ ತಯ್ಯಬ್‌ನನ್ನು ಕರೆದುಕೊಂಡು ಹೊರಟಳು. ಕೆರೆ ಬತ್ತಿತ್ತು. ತಳಕ್ಕೆಲ್ಲ ಹೊಸದಾಗಿ ಸುಣ್ಣ ಎರಚಿದ್ದರು.

"ಏನು ಕಂಡ್ರಿ?" ಭಾಗಮ್ಮನನ್ನು ಕೇಳಿದಳು.

"ಮೀಸೆ ಇರೋ ಮೀನಮ್ಮ, ನನ್ನ ತೋಳುದ್ದ. ಕೋಳಿ ಕರುಳು ಸುರಿದ್ರೆ ಕೆರೆ ಕುದ್ದಂಗೆ ಆಗ್ತಿತ್ತು. ಅದೇ ನೀರು ಸೀಗೆಹಳ್ಳಕ್ಕೆ ಇಳೀತದೆ. ನಾವು ಕುಡಿಯೋದು ಹಳ್ಳದ್ದೇ. ಲೈನಿನ ಮಕ್ಕಳಿಗೆಲ್ಲ ವಾಂತಿ ಭೇದಿ ಹತ್ತಿತ್ತು."

"ಯಾರಿಗೆ ಹೇಳಿದ್ರಿ?"

"ಟೀಚರಮ್ಮಂಗೆ. ಈ ಮೀನು ಹಳ್ಳಕ್ಕೆ ಬಂದ್ರೆ ಕಪ್ಪೆ, ಮರಿಮೀನು ಒಂದೂ ಉಳಿಯಲ್ಲ ಅಂತ ಹೇಳ್ಕೊಟ್ಟದ್ದೇ ಅವರು. ಅವತ್ತೇ ಬಂದು ನೀರು ತಗೊಂಡ್ರು. ಬಾಟ್ಲಿ ಹಿಡಿದಿದ್ದು ನಾನೇ."

"ಮತ್ತೆ ರಿಪೋರ್ಟಲ್ಲಿ ಇಲ್ಲವಲ್ಲ?"

"ನಿಮ್ಮ ಮಿಷಿನ್ನೇ ಸುಳ್ಳು ಹೇಳಿರ್ಬೇಕು. ಟೀಚರಮ್ಮ ಹೇಳೋರಲ್ಲ."

ಠಾಣೆಗೆ ಮರಳಿದ ಅರುಣಾ ಲ್ಯಾಬಿನ ಮೋನಿಕಾಗೆ ಫೋನ್ ಮಾಡಿದಳು. ಅವರು ಹುಡುಕಿದ್ದು ಕ್ಯಾಟ್‌ಫಿಶ್ ಒಂದನ್ನೇ. ಉಳಿದದ್ದನ್ನೂ ನೋಡಿ ಎಂದಳು. ಹದಿಮೂರರಂದು ಮೋನಿಕಾಳ ಕರೆ ಬಂತು.

"ಗಪ್ಪಿ ಮೀನಿದೆ ಮೇಡಂ. ಮನುಷ್ಯರ ಗುರುತಿದೆ."

"ಕಪ್ಪೆ?"

"ಇಲ್ಲ."

"ದನ? ಏಡಿ? ಬೇರೆ ಮೀನು?"

"ಯಾವುದೂ ಇಲ್ಲ. ಮೇಡಂ, ಇದು ನಿಜವಾಗ್ಲೂ ಹಳ್ಳದ ನೀರಾ?"

ಅರುಣಾ ತಯ್ಯಬ್‌ನತ್ತ ತಿರುಗಿದಳು. "ಸೀಗೆಹಳ್ಳದಲ್ಲಿ ಗಪ್ಪಿ ಇದೆಯೇನ್ರೀ?"

"ಹಳ್ಳದಲ್ಲೆಲ್ಲಿ ಮೇಡಂ! ಡೆಂಗಿ ಬಂದಾಗ ಸೊಳ್ಳೆಮರಿ ತಿನ್ಲಿ ಅಂತ ಆರೋಗ್ಯ ಇಲಾಖೆಯವ್ರು ಮನೆ ತೊಟ್ಟಿಗಳಿಗೆ ಬಿಟ್ಟದ್ದು ಅದು. ನಮ್ಮನೆ ತೊಟ್ಟೀಲಿ ನನ್ನ ಹೆಂಡ್ತಿ ರಹೀಮಾ ಅನ್ನ ಹಾಕಿ ಹಾಕಿ ಅವು ಈಗ ಸೊಳ್ಳೆಮರಿ ಮೂಸೂ ನೋಡಲ್ಲ."

ಅರುಣಾ ನಗಲಿಲ್ಲ. ಪಂಚಮಿಯ ತೊಟ್ಟಿಯಲ್ಲೂ ಗಪ್ಪಿಗಳಿದ್ದವು. ನೀರನ್ನು ಸೋಸಿ ಸೀಲು ಹಾಕಿದ್ದು ಪಂಚಮಿಯ ಮನೆಯಲ್ಲಿ, ಅವಳೊಬ್ಬಳೇ.

ಮರುದಿನ ಇಬ್ಬರು ಪಂಚರ ಎದುರು ಸೀಗೆಹಳ್ಳದಿಂದ ನೀರು ತೆಗೆದು, ಸೀಲು ಮಾಡಿ, ಪಂಚನಾಮೆ ಬರೆದರು. ಅಲ್ಲಿಂದ ಜೀಪು ಪಂಚಮಿಯ ಮನೆಗೆ ಹೋಯಿತು.

"ನನ್ನ ತೊಟ್ಟಿ ನೀರೆಂತಕ್ಕೆ ಮಾರಾಯ್ತಿ? ಕಾಫಿ ಕಾಯಿಸ್ತೀಯಾ?" ಪಂಚಮಿ ನಕ್ಕಳು.

"ಹೋಲಿಸಿ ನೋಡೋಕೆ."

ಪಂಚಮಿಯ ನಗು ನಿಂತಿತು. ಕಾಫಿಗೆ ಒಳಗೆ ಕರೆಯಲಿಲ್ಲ.

ಇಪ್ಪತ್ತೇಳರಂದು ಫಲಿತಾಂಶ ಬಂತು. ಹಳ್ಳದಲ್ಲಿ ಕ್ಯಾಟ್‌ಫಿಶ್ ಇತ್ತು, ಕೆರೆ ಬತ್ತಿಸುವ ಮೊದಲೇ ಇಳಿದು ಹೋಗಿತ್ತು. ಮೊದಲ ಬಾಟಲಿಯ ಗಪ್ಪಿಯ ಗುರುತು ಪಂಚಮಿಯ ತೊಟ್ಟಿಯದಕ್ಕೆ ಹೊಂದಿತು. ಎಫ್‌ಐಆರ್‌ನಲ್ಲಿ ಎರಡು ಹೆಸರು: ನಿಷೇಧಿತ ಮೀನು ಸಾಕಿದ ಓಂಕಾರಮೂರ್ತಿ, ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಪಂಚಮಿ. ಓಂಕಾರಮೂರ್ತಿಯನ್ನು ಅಂದೇ ಎಸ್ಟೇಟಿನಲ್ಲಿ ಬಂಧಿಸಿದರು. ಪಂಚಮಿ ಕರೆದ ಕೂಡಲೇ ಠಾಣೆಗೆ ಬಂದಳು.

"ಯಾಕೆ?"

"ಹಳ್ಳ ಕಾವಲಿಗೆ ಲ್ಯಾಬಿನ ಖರ್ಚು, ಜೀಪು, ಎಲ್ಲ ಓಂಕಾರಮೂರ್ತಿಯವರದ್ದೇ. ಅವರು ಕೈಬಿಟ್ರೆ ಕಳಸದವರೆಗಿನ ಅಷ್ಟೂ ಹಳ್ಳದ ಕಾವಲು ನಿಲ್ತಿತ್ತು. ಕೆರೆ ಬತ್ತಿಸ್ತೀನಿ, ನನ್ನ ಹೆಸರು ಮಾತ್ರ ಹೊರಗೆ ಬರೋದು ಬೇಡ ಅಂದ್ರು. ಒಂದು ಹಳ್ಳ ಹೋದ್ರೂ ಉಳಿದದ್ದು ಉಳೀಲಿ ಅಂದ್ಕೊಂಡೆ."

"ಭಾಗಮ್ಮನ ಮನೆ ಹೋಗ್ತದೆ ಅಂತ ಗೊತ್ತಿತ್ತಾ?"

"ಮೊದಲು ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ಸುಮ್ನಿದ್ದೆ."

ಅರುಣಾ ಅದನ್ನು ಹಾಗೆಯೇ ಬರೆದುಕೊಂಡಳು. ಹಣ ತಿಂದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಇವಳು ಒಂದು ಪೈಸೆ ಮುಟ್ಟಿರಲಿಲ್ಲ. ಕಾಪಾಡುವ ಹಟದಲ್ಲೇ, ಯಾರನ್ನು ಬಿಟ್ಟುಕೊಟ್ಟರೆ ಯಾರೂ ಕೇಳುವುದಿಲ್ಲವೋ ಅವರನ್ನೇ ಆರಿಸಿದ್ದಳು.

ಸಂಜೆ ಐದಕ್ಕೆ ಪಂಚಮಿಯ ಬಂಧನದ ಕಾಗದಗಳಿಗೆ ಸಹಿಯಾಯಿತು. ಹೇಳಿಕೆ ಕೊಡಲು ಬಂದಿದ್ದ ಭಾಗಮ್ಮ ಜಗಲಿಯಲ್ಲಿ ಕೂತಿದ್ದಳು. ಮನೆ ಬಿಡಬೇಕಿಲ್ಲವೆಂದು ತಯ್ಯಬ್ ಆಗಲೇ ಹೇಳಿದ್ದ. ಪಂಚಮಿ ಅವಳೆದುರು ನಿಂತಳು.

"ಭಾಗಮ್ಮ, ಎಲ್ಲರ ಒಳ್ಳೇದಕ್ಕೆ ಅಂತ..."

ಭಾಗಮ್ಮ ದನಿ ಏರಿಸಲಿಲ್ಲ.

"ಅಷ್ಟು ಹಳ್ಳದೊಳಗೆ ಬಿಟ್ಟುಕೊಡೋಕೆ ನಮ್ದೇ ಸಿಕ್ತಾ, ಟೀಚರಮ್ಮ?"