ಹೆಕ್ಕದ ಕಾಯಿ

ಸೆಪ್ಟೆಂಬರ್ 12, ಬೆಳಿಗ್ಗೆ 9.40. ಕರಿಮರಳು ತೊಳೆಯುವ ಕಾರ್ಖಾನೆಯ ಅಧಿಕಾರಿ ಯೋಗೀಶ್ ಬೈಂದೂರು ಠಾಣೆಗೆ ಬಂದು ದೂರು ಕೊಟ್ಟರು. ಬೀಗ ಹಾಕಿದ ಕೋಣೆಯಿಂದ ಒಂದು ಚೀಲ ತೆಂಗಿನ ನಾರಿನ ಹುಡಿ ಕಾಣೆಯಾಗಿತ್ತು.

"ನಾರಿನ ಹುಡಿಗೆ ಎಫ್‌ಐಆರಾ?" ಹೆಡ್ ಕಾನ್‌ಸ್ಟೆಬಲ್ ಕಿಟ್ಟ ನಕ್ಕ. "ನಮ್ಮನಿ ಹಿತ್ಲಂಗೆ ರಾಶಿ ಬಿದ್ಕಂಡಿತ್ತ್, ಹೊತ್ಕಂಡ್ ಹೋಯ್ನಿ ಮರ್ರೆ."

ಯೋಗೀಶ್ ನಗಲಿಲ್ಲ. "ಮರಳು ತೊಳೆದ ನೀರಲ್ಲಿ ವಿಕಿರಣ ಸೂಸುವ ಲೋಹ ಇರುತ್ತದೆ. ನೀರು ಹೊಳೆಗೆ ಹೋಗುವ ಮೊದಲು ಈ ಹುಡಿ ಅದನ್ನು ಹೀರಿಕೊಳ್ಳುತ್ತದೆ. ಕಾಣೆಯಾದದ್ದು ಹಾಗೆ ಹೀರಿದ ಹುಡಿ, ಅದನ್ನು ಸುಡಲೇಬಾರದು."

ಸಬ್ ಇನ್‌ಸ್ಪೆಕ್ಟರ್ ಶ್ರೀಲತಾ ಪೆನ್ನು ಕೆಳಗಿಟ್ಟರು. ಈ ಕಡೆ ಒಣಗಿದ ನಾರು ಕೈಗೆ ಸಿಕ್ಕರೆ ಅದು ನೇರ ಬಚ್ಚಲ ಒಲೆಗೆ.

ಬೀಗ ಮುರಿದಿರಲಿಲ್ಲ. ಹಿಂದಿನ ಸಂಜೆ 5.50ಕ್ಕೆ ಕೋಣೆಯ ಕೆಲಸಗಾರ ನಾಗ ಬೈಕಿಗೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಗೇಟು ದಾಟಿದ್ದು ಕ್ಯಾಮೆರಾದಲ್ಲಿತ್ತು. ಯೋಗೀಶರನ್ನೂ ವಿಕಿರಣ ಅಳೆಯುವ ಮೀಟರನ್ನೂ ಜೀಪಿಗೆ ಹತ್ತಿಸಿ ಎಲ್ಲರೂ ನಾಗನ ಊರಾದ ಕೋಡಿಗೆ ಹೊರಟರು.

ನಾಗನ ಅಂಗಳದ ತೆಂಗಿನ ಬುಡದಲ್ಲಿ ನಲವತ್ತಕ್ಕೂ ಹೆಚ್ಚು ಕಾಯಿ ಬಿದ್ದಿದ್ದವು. ಕೆಲವು ಮೊಳಕೆಯೊಡೆದಿದ್ದವು. ಬಿದ್ದ ಕಾಯಿಯನ್ನು ಹೀಗೆ ಬಿಡುವವರು ಕೋಡಿಯಲ್ಲಿ ಇಲ್ಲ. ಚೀಲ ಜಗಲಿಯ ಮೇಲೆಯೇ ಇತ್ತು, ಬಾಯಿ ಬಿಚ್ಚಿರಲಿಲ್ಲ. ನಾಗ ಮಿಂದು, ಇಸ್ತ್ರಿ ಅಂಗಿ ತೊಟ್ಟು, ನೆಂಟರನ್ನು ಕಾಯುವವನಂತೆ ನಿಂತಿದ್ದ.

"ಕದ್ದದ್ದು ನೀವಾ ನಾಗಣ್ಣ?"

"ಹೌದ್ ಮೇಡಂ."

"ಎಂತಕೆ?"

"ಮೀಟರ್ ನಮ್ಮನಿಗ್ ಬರ್ಲಿ ಅಂದೇಳಿ. ಮೂರ್ ಸಲ ಕೇಂಡೆ, ಕಾರ್ಖಾನಿಯವ್ರ್ ನೆಗಾಡಿದ್ರ್. ಕದ್ರೆ ನೀವೇ ತಕಂಡ್ ಬತ್ರಿ ಅಂದ್ ಗೊತ್ತಿತ್ತ್."

ಎರಡು ವರ್ಷದ ಹಿಂದೆ, ಹುಡಿಯ ವಿಷಯ ಯಾರೂ ಹೇಳಿಕೊಡುವ ಮೊದಲು, ಅವನು ಎರಡು ಚೀಲ ಮನೆಗೆ ತಂದಿದ್ದ. ಮಗಳು ನಿಖಿತಾಳ ಬಾಳಂತನ. ಕೂಸಿಗೂ ತಾಯಿಗೂ ನೀರು ಕಾಯಿಸಿದ್ದು ಅದರಲ್ಲೇ. ಹತ್ತೊಂಬತ್ತನೆಯ ದಿನ ಕೂಸು ಹೋಯಿತು. ಹೃದಯದ ತೊಂದರೆ ಎಂದರು ಡಾಕ್ಟರು. ಆ ಒಲೆಯ ಬೂದಿ ಈ ತೆಂಗಿನ ಬುಡಕ್ಕೆ ಬಿದ್ದಿತ್ತು.

"ಮಗ್ಳಿಗ್ ಹೇಳ್ಲಿಲ್ಲ. ಒಂದ್ಸಲ ಹಿಡ್ದ್ ಕಾಣಿ ಮೇಡಂ. ನಾನೇ ಕೊಂದದ್ದಾ?"

ಯೋಗೀಶ್ ಬುಡಕ್ಕೂ ಒಲೆಗೂ ಮೀಟರು ಹಿಡಿದರು. "ಹೊರಗೆ ರಸ್ತೆಯಲ್ಲಿ ತೋರಿಸಿದಷ್ಟೇ ಇದೆ, ಹೆಚ್ಚೇನಿಲ್ಲ." ಕಿಟ್ಟ ಅದನ್ನು ಪಂಚನಾಮೆಯಲ್ಲಿ ಬರೆದುಕೊಂಡ.

ಮಧ್ಯಾಹ್ನ 1.20ಕ್ಕೆ ಬಂಧನ. ಜೀಪು ಹತ್ತುವ ಮೊದಲು ನಾಗ ಬಗ್ಗಿ ಒಂದು ಕಾಯಿ ಹೆಕ್ಕಿದ. ಯಾರೂ ತಡೆಯಲಿಲ್ಲ.

ಮರವಂತೆ ದಾಟುವಾಗ ಯೋಗೀಶ್ ತಗ್ಗಿದ ದನಿಯಲ್ಲಿ ಹೇಳಿದರು: "ಮೇಡಂ, ಎರಡು ಮಳೆಗಾಲ ಕಳೆದಿದೆ. ಬೂದಿ ಎಂದೋ ತೊಳೆದು ಹೋಗಿರುತ್ತದೆ. ಈ ಮೀಟರಿನಿಂದ ಏನೂ ಹೇಳಲಾಗದು."

ಶ್ರೀಲತಾ ಹಿಂದಿರುಗಿ ನೋಡಿದರು. ಮಡಿಲಲ್ಲಿ ಕಾಯಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಮುಚ್ಚಿ, ನಾಗ ನಿದ್ದೆ ಹೋಗಿದ್ದ. ಠಾಣೆ ಬರುವವರೆಗೂ ಅವರು ಅವನನ್ನು ಎಬ್ಬಿಸಲಿಲ್ಲ.